ನೀರಿನಲ್ಲಿ ಕಂಡ ಬಾವಲಿ

ಸಾರಕ್ಕಿಯ ಅಕ್ಕಯಮ್ಮನನ್ನು ಕಚ್ಚಿದ್ದು ನಾಯಿಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾಯಿ ಕಚ್ಚಿದರೆ ಏನು ಮಾಡಬೇಕೆಂದು ಊರಿಗೆಲ್ಲ ಗೊತ್ತಿತ್ತು. ಯಡಿಯೂರಿನ ಏಕಾಂತಯ್ಯನವರ ಹತ್ತಿರ ಹೋಗಿ ಸೊಪ್ಪಿನ ರಸ ಕುಡಿಯುವವರು ಕುಡಿಯುತ್ತಿದ್ದರು. ಪೇಟೆಯ ಆಸ್ಪತ್ರೆಗೆ ಹೋಗಿ ಹೊಕ್ಕುಳ ಸುತ್ತ ಚುಚ್ಚಿಸಿಕೊಳ್ಳುವವರು ಚುಚ್ಚಿಸಿಕೊಳ್ಳುತ್ತಿದ್ದರು. ಎರಡಕ್ಕೂ ಮನಸ್ಸಿಲ್ಲದವರು ಮನೆದೇವರಿಗೆ ಮುಡಿಪು ಕಟ್ಟಿ ಕೂರುತ್ತಿದ್ದರು. ಆದರೆ ಅವಳನ್ನು ಕಚ್ಚಿದ್ದು ಬಾವಲಿ. ಬಾವಲಿ ಕಚ್ಚಿದರೆ ಏನಾಗುತ್ತದೆಂದು ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯಲ್ಲಿ ಸಾರಕ್ಕಿಯ ಯಾರಿಗೂ ಗೊತ್ತಿರಲಿಲ್ಲ. ಪೇಟೆಯ ದೊಡ್ಡವರಿಗೆ ಗೊತ್ತಿತ್ತೇ ಎಂದರೆ, ಅದನ್ನು ಮುಂದೆ ನೀವೇ ನೋಡುವಿರಂತೆ.

ಅಕ್ಕಯಮ್ಮ ಗಂಡ ಸತ್ತ ಮೇಲೆ ಮೂಲೆ ಹಿಡಿದು ಕೂತ ಹೆಂಗಸಲ್ಲ. ಕೆರೆಯ ದಡಕ್ಕೆ ಅಂಟಿಕೊಂಡಂತೆ ಅವಳದೊಂದು ಸೀಬೆ ತೋಟವಿತ್ತು. ಬೆಳಿಗ್ಗೆ ಹಣ್ಣು ಕಿತ್ತು, ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೊಲದ ಬದುಗಳ ಮೇಲೆ ನಡೆದು ಜಯನಗರಕ್ಕೆ ಹೋಗುತ್ತಿದ್ದಳು. ಆಗ ಜಯನಗರವೆಂದರೆ ಹೊಸ ಸುಣ್ಣದ ವಾಸನೆಯ ಮನೆಗಳು, ಅಲ್ಲಲ್ಲಿ ಖಾಲಿ ಸೈಟು, ಸೈಟಿನಲ್ಲಿ ಮೇಯುವ ಎಮ್ಮೆ. ಅಲ್ಲಿಯ ಸಂಬಳದ ಮನೆಗಳವರು ಅವಳ ಹಣ್ಣನ್ನು ಹಿಸುಕಿ ಹಿಸುಕಿ ನೋಡುವುದನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಹಾಗಂತ ಬಾಯಿಬಿಟ್ಟು ಹೇಳಿಯೂ ಬಿಡುತ್ತಿದ್ದಳು.

ತೋಟದ ಮೂಲೆಯಲ್ಲಿ ಒಂದು ಗೋಣಿಮರ, ಮರದ ತುಂಬ ಬಾವಲಿಗಳು. ಹಗಲೆಲ್ಲ ಅವು ತಲೆಕೆಳಗಾಗಿ ತೂಗಾಡುತ್ತ ಕಿಚಕಿಚ ಜಗಳವಾಡುತ್ತಿದ್ದವು. ಹೊತ್ತು ಮುಳುಗುತ್ತಲೇ ಎದ್ದು, ಕೆರೆಯ ನೀರಿಗೆ ಒಮ್ಮೆ ಎದೆ ತಾಗಿಸಿ, ಊರೂರ ತೋಟಗಳಿಗೆ ಹೋಗಿಬರುತ್ತಿದ್ದವು. ಅಕ್ಕಯಮ್ಮನ ತೋಟಕ್ಕೂ ದಯಮಾಡಿಸುತ್ತಿದ್ದವು. ಅವು ಅರ್ಧ ತಿಂದು ಬಿಸಾಡಿದ ಸೀಬೆಹಣ್ಣನ್ನು ಆಯುತ್ತ ಅವಳು ಮರದ ಕಡೆ ಮುಖ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಮರ ಕಡಿಸಿಬಿಡು ಎಂದು ಯಾರಾದರೂ ಹೇಳಿದರೆ ಅವರನ್ನೂ ಬೈಯುತ್ತಿದ್ದಳು. ಒಬ್ಬಳೇ ಮಗಳು ಮುನಿವೆಂಕಟಮ್ಮನನ್ನು ಕೋಣನಕುಂಟೆಗೆ ಕೊಟ್ಟ ಮೇಲೆ, ಬೈಯುವುದಕ್ಕೆ ಹತ್ತಿರದಲ್ಲಿ ಆ ಬಾವಲಿಗಳನ್ನು ಬಿಟ್ಟರೆ ಯಾರಿದ್ದರು?

ಆ ಮಗಳು ಈಗ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಹುಣ್ಣಿಮೆ ಕಳೆದ ಮೇಲೆ ಕರೆತರುವುದೆಂದು ಬೀಗರೊಂದಿಗೆ ಮಾತಾಗಿತ್ತು. ಅಕ್ಕಯಮ್ಮ ಬಾಣಂತನಕ್ಕೆ ಹರಳೆಣ್ಣೆ ತೆಗೆಸಿಟ್ಟಿದ್ದಳು. ತೊಟ್ಟಿಲು ತೊಳೆದು ಬಿಸಿಲಿಗೆ ಇಟ್ಟಿದ್ದಳು. ಹಳೆಯ ಸೀರೆಗಳನ್ನು ಹರಿದು ಮಗುವಿಗೆ ಮೆತ್ತನೆ ಬಟ್ಟೆ ಮಾಡಿದ್ದಳು. ಆ ದಿನಗಳಲ್ಲಿ ಅವಳು ಬಾವಲಿಗಳನ್ನು ಬೈಯುವುದನ್ನೂ ಮರೆತಿದ್ದಳಂತೆ.

ಹಾಗಿರುವಾಗ ಒಂದು ಬೆಳಿಗ್ಗೆ ಗೋಣಿಮರದ ಬುಡದಲ್ಲಿ ಒಂದು ಬಾವಲಿ ಬಿದ್ದಿತ್ತು. ಸತ್ತಿರಲಿಲ್ಲ. ರೆಕ್ಕೆಯನ್ನು ನೆಲಕ್ಕೆ ಊರಿಕೊಂಡು ತೆವಳುತ್ತಿತ್ತು. ಹತ್ತಿರ ಹೋದವರನ್ನು ಕಂಡು ಹೆದರಿ ಸರಿಯುವುದು ಬಿಟ್ಟು, ಅವಳ ಕಡೆಗೇ ಬಂತು. ಬುದ್ಧಿಯಿದ್ದವರು ಯಾರಾದರೂ ಕೋಲು ಹುಡುಕುತ್ತಿದ್ದರು. ಅಕ್ಕಯಮ್ಮ ಕೈಚಾಚಿದಳು. ಅದಕ್ಕೆ ಕಾರಣ ಅವಳ ಗಂಡನ ಅಣ್ಣ ಬೋರಣ್ಣ. ಪಕ್ಕದ ಮನೆಯಲ್ಲಿದ್ದ ಈ ಭಾವನಿಗೆ ಉಬ್ಬಸ. ಉಬ್ಬಸಕ್ಕೆ ಬಾವಲಿ ಮಾಂಸ ಮದ್ದೆಂದು ಆ ಕಡೆಯವರ ನಂಬಿಕೆ. ಮರದಡಿ ಬಾವಲಿ ಬಿದ್ದರೆ ನನಗೆ ಎತ್ತಿಡು ಎಂದು ಅವನು ಎಷ್ಟೋ ವರ್ಷಗಳಿಂದ ಹೇಳಿಟ್ಟಿದ್ದ. ಸೆರಗನ್ನು ಕೈಗೆ ಸುತ್ತಿಕೊಂಡು ಕತ್ತು ಹಿಡಿಯಲು ಹೋದಳು. ಅದು ಸೆರಗಿನ ಸಮೇತ ಅವಳ ಹೆಬ್ಬೆರಳನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಕೊನೆಗೆ ಕಲ್ಲಿಗೆ ಬಡಿದು ಬಿಡಿಸಿಕೊಂಡಳು. ಬೆರಳಿಗೆ ಸುಣ್ಣ ಮೆತ್ತಿ ಬಟ್ಟೆ ಕಟ್ಟಿ, ಸತ್ತ ಬಾವಲಿಯನ್ನು ಭಾವನ ಮನೆಗೆ ಕೊಟ್ಟು, ಹಣ್ಣು ಮಾರಲು ಹೊರಟುಹೋದಳು. ಬೋರಣ್ಣ ಅದಕ್ಕೆ ಮೆಣಸು ಅರೆದು ಹಾಕಿಸಿ ಬೇಯಿಸಿ ತಿಂದ. ಎದೆ ಹಗುರವಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಅಲ್ಲಿಗೆ ಮುಗಿಯಬೇಕಾದ್ದು ಜಯನಗರದಲ್ಲಿ ಮತ್ತೆ ಶುರುವಾಯಿತು. ವಿಮಲಾ ಎಂಬಾಕೆ ಅಕ್ಕಯಮ್ಮನ ಖಾಯಂ ಗಿರಾಕಿ. ಹಣ್ಣು ಹಿಸುಕದ ಪುಣ್ಯಾತ್ಗಿತ್ತಿ. ಅವಳು ಬೆರಳಿನ ಬಟ್ಟೆ ನೋಡಿ ಏನೆಂದು ಕೇಳಿದಳು. ಬಾವಲಿ ಎಂಬ ಮಾತು ಒಳಗಿದ್ದ ಅವಳ ಗಂಡ ಚಕ್ರಪಾಣಿಯ ಕಿವಿಗೆ ಬಿತ್ತು. ಚಕ್ರಪಾಣಿ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಪೇಪರನ್ನು ಮೊದಲ ಸಾಲಿನಿಂದ ಮುದ್ರಕರ ಹೆಸರಿನವರೆಗೆ ಓದುವ ಜಾತಿ. ಅಮೆರಿಕದಲ್ಲಿ ಬಾವಲಿಗಳಿಗೂ ಹುಚ್ಚುನಾಯಿ ರೋಗ ಇರುವುದು ಪತ್ತೆಯಾಗಿದೆ, ಬಾವಲಿ ಕಚ್ಚಿ ಮನುಷ್ಯರಿಗೂ ಬಂದಿದೆ ಎಂದು ಅವನು ಯಾವುದೋ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಓದಿದ್ದ. ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದ. ಆಮೇಲೆ ಯೋಚನೆ ಮಾಡಿ, ಅಲ್ಲಿಯವು ಹುಳ ತಿನ್ನುವ ಸಣ್ಣ ಬಾವಲಿ, ಕೆಲವು ರಕ್ತ ಕುಡಿಯುವವು, ನಿನ್ನದು ಹಣ್ಣು ತಿನ್ನುವ ಬಾವಲಿ ಎಂದ. ಅವಳು, ಹಾಗಾದರೆ ಭಯವಿಲ್ಲವೇ ಸ್ವಾಮಿ ಎಂದು ಕೇಳಿದಳು. ಅದನ್ನು ಪತ್ರಿಕೆಯಲ್ಲಿ ಬರೆದಿರಲಿಲ್ಲ ಎಂದು ಅವನು ತಲೆ ಕೆರೆದುಕೊಂಡ. ಓದಿದ್ದನ್ನು ಹೇಳುವಾಗ ಇದ್ದ ಗತ್ತು ಆಗ ಅವನಲ್ಲಿ ಇರಲಿಲ್ಲ. ಆದರೂ ಒಳ್ಳೆಯ ಮನುಷ್ಯ, ರಜೆ ಹಾಕಿ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು. ಯಾವ ನಾಯಿ ಎಂದು ಕೇಳಿದರು. ಬಾವಲಿ ಎಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಮ್ಮ ದೇಶದ ಬಾವಲಿಗೆ ಈ ರೋಗ ಇದೆಯೆಂದು ಅವರು ಕೇಳಿರಲಿಲ್ಲ. ಇಲ್ಲವೆಂದು ಯಾರೂ ಪರೀಕ್ಷಿಸಿಯೂ ಇರಲಿಲ್ಲ. ಇಂಜೆಕ್ಷನ್ ಹಾಕಿಬಿಡಿ ಎಂದ ಚಕ್ರಪಾಣಿ. ಅದೇನು ಸಕ್ಕರೆ ನೀರಲ್ಲ, ಸಾವಿರಾರು ಜನರಲ್ಲಿ ಒಬ್ಬರಿಗೆ ಅದರಿಂದಲೇ ಕೈಕಾಲು ಬಿದ್ದುಹೋಗುತ್ತದೆ ಎಂದರು ಡಾಕ್ಟರು. ರೋಗ ಹತ್ತಿದ್ದರೆ ಯಾವಾಗ ಗೊತ್ತಾಗುತ್ತದೆ ಎಂದು ಅಕ್ಕಯಮ್ಮ ಕೇಳಿದಳು. ತಿಂಗಳೂ ಆಗಬಹುದು, ವರ್ಷವೂ ಆಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು, ಒಮ್ಮೆ ಶುರುವಾದರೆ ಮಾತ್ರ ಮದ್ದಿಲ್ಲ, ಗುಟುಕು ನೀರೂ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

"ನೋಡಮ್ಮ, ಹಾಕಿಸ್ಕೊ ಅನ್ನಕ್ಕೂ ನಂಗೆ ಧೈರ್ಯ ಇಲ್ಲ, ಬೇಡ ಅನ್ನಕ್ಕೂ ಧೈರ್ಯ ಇಲ್ಲ. ಆ ಬಾವಲಿ ತಲೆ ತಂದ್ಕೊಡು. ಪರೀಕ್ಷೆಗೆ ಕಳಿಸಿ ನೋಡೋಣ."

ತಲೆ ಎಲ್ಲಿಂದ ತರುವುದು? ಮೈಯೆಲ್ಲ ಬೋರಣ್ಣನ ಹೊಟ್ಟೆ ಸೇರಿತ್ತು. ತಲೆ ರೆಕ್ಕೆಗಳನ್ನು ಅವನ ಹೆಂಡತಿ ತಿಪ್ಪೆಗೆ ಎಸೆದಿದ್ದಳು. ಅಕ್ಕಯಮ್ಮ ತಿಪ್ಪೆ ಕೆದಕಿದಾಗ ಸಿಕ್ಕಿದ್ದು ಒಂದು ರೆಕ್ಕೆಯ ತುಂಡು. ತಲೆಯನ್ನು ಯಾವ ನಾಯಿ ಕಚ್ಚಿಕೊಂಡು ಹೋಗಿತ್ತೋ, ದೇವರೇ ಬಲ್ಲ.

ಅವಳು ದಾರಿ ತೋಚದೆ ಯಡಿಯೂರಿನ ಏಕಾಂತಯ್ಯನವರ ಮನೆಯ ಜಗಲಿ ಹತ್ತಿದಳು. ಅಯ್ಯನವರ ಪದ್ಧತಿ ಹಿರಿಯರ ಕಾಲದಿಂದ ಬಂದದ್ದು. ನಾಯಿ ಕಚ್ಚಿದವರು ಅವರು ಅರೆದು ಕೊಟ್ಟ ಸೊಪ್ಪಿನ ರಸವನ್ನು ಹಾಲಿನಲ್ಲಿ ಕುಡಿದು ಉಪ್ಪು ಹುಳಿ ಬಿಟ್ಟು ಪಥ್ಯ ಮಾಡಬೇಕು. ಪಥ್ಯ ಮುಗಿದ ಬೆಳಿಗ್ಗೆ ತಲೆಗೆ ಮುಸುಕು ಹಾಕಿಕೊಂಡು, ಬಗ್ಗಿ, ಬಾವಿಯ ನೀರನ್ನು ನೋಡಬೇಕು. ಅತ್ತಿತ್ತ ನೋಡಕೂಡದು, ತಲೆಯೆತ್ತಕೂಡದು. ನೀರಿನಲ್ಲಿ ತನ್ನ ಮುಖವೊಂದೇ ಕಂಡರೆ ವಿಷ ಇಳಿದಿದೆ. ಕಚ್ಚಿದ ನಾಯಿ ಕಂಡರೆ ವಿಷ ಉಳಿದಿದೆ, ಆ ಮನುಷ್ಯ ದಕ್ಕುವುದಿಲ್ಲ. ಬಾವಿಯ ಮೇಲೆ ನಾಯಿ ಹಾರಿಬಂದದ್ದುಂಟೇ? ಹಾಗಾಗಿ ಎಲ್ಲರಿಗೂ ತಮ್ಮ ಮುಖವೇ ಕಾಣುತ್ತಿತ್ತು, ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಅವರಲ್ಲಿ ಕೆಲವರು ಆಮೇಲೆ ಸತ್ತರು. ಅವರು ಪಥ್ಯ ಕೆಡಿಸಿದರೆಂದು ಊರು ತೀರ್ಮಾನಿಸುತ್ತಿತ್ತು.

ಬಾವಲಿ ಕಚ್ಚಿದವರು ಏಕಾಂತಯ್ಯನವರ ಜಗಲಿಗೆ ಬಂದದ್ದು ಇದೇ ಮೊದಲು. ಇದಕ್ಕೆ ಮದ್ದು ನನಗೆ ಗೊತ್ತಿಲ್ಲ ಎಂದು ಕಳಿಸಿದ್ದರೆ ಚೆನ್ನಾಗಿತ್ತು. ಆದರೆ ಅವರೂ ಯೋಚನೆ ಮಾಡಿದರು. ಯೋಚನೆ ಮಾಡಿದ್ದೇ ತಪ್ಪಾಯಿತು.

"ನಾಯಿ ಹಗಲಿನ ಪ್ರಾಣಿ, ಅದಕ್ಕೆ ಬೆಳಿಗ್ಗೆ ನೋಡಕ್ಕೆ ಹೇಳ್ತೀನಿ. ಬಾವಲಿ ಕತ್ತಲಿಂದು. ನೀನು ಹೊತ್ತು ಮುಳುಗೋವಾಗ ನೋಡಮ್ಮ. ಬಾವಿ ಬೇಡ, ಆ ಹೊತ್ತಲ್ಲಿ ಒಳಗೆ ಕತ್ತಲಿರ್ತದೆ. ಕೆರೇಲಿ ನೋಡು."

ಅಕ್ಕಯಮ್ಮ ರಸ ಕುಡಿದಳು, ಪಥ್ಯ ಮಾಡಿದಳು. ಪಥ್ಯದ ದಿನಗಳಲ್ಲಿ ಅವಳಿಗೆ ತನ್ನ ಮೈಯೇ ಅರ್ಥವಾಗದ ಹಾಗಾಯಿತು. ಗಂಟಲು ಒಣಗಿದರೆ ರೋಗವೋ ಎಲೆಯಡಿಕೆಯ ಸುಣ್ಣವೋ ತಿಳಿಯದು. ತಣ್ಣೀರು ಮೈಮೇಲೆ ಬಿದ್ದು ನಡುಕ ಬಂದರೆ ಹೆದರಿಕೆಯೋ ಚಳಿಯೋ ತಿಳಿಯದು. ಸಿಟ್ಟು ಬಂದರೂ ಅನುಮಾನ, ಆದರೆ ಸಿಟ್ಟು ಅವಳಿಗೆ ಹುಟ್ಟಿದಾಗಿನಿಂದ ಇತ್ತು. ಕೊನೆಗೆ ಒಂದು ಸಂಜೆ ಕೆರೆಯ ಅಂಚಿಗೆ ಹೋಗಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಬಗ್ಗಿ ನೋಡಿದಳು. ನೀರಿನಲ್ಲಿ ಕೆಂಪಗಿನ ಆಕಾಶವಿತ್ತು, ಅವಳ ಮುಖವಿತ್ತು. ಅವಳು ಉಸಿರು ಬಿಡುವಷ್ಟರಲ್ಲಿ ಆ ಮುಖದ ಮೇಲೆ ಕರಿಯ ರೆಕ್ಕೆ ಬಿಚ್ಚಿದ ಬಾವಲಿಯೊಂದು ಹಾದುಹೋಯಿತು.

ತಲೆಯೆತ್ತಿದ್ದರೆ ಸಾಕಿತ್ತು. ಅವಳು ಎತ್ತಲಿಲ್ಲ, ಅಯ್ಯನವರು ಎತ್ತಬೇಡ ಎಂದಿದ್ದರು. ಆ ಬಾವಲಿಗಳು ದಿನವೂ ಆ ಹೊತ್ತಿಗೆ ಅಲ್ಲಿ ಹಾರುವುದನ್ನು ಸಾರಕ್ಕಿಯಲ್ಲಿ ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಆದರೂ ಅದು ನೆನಪಾಗಲಿಲ್ಲ. ಸಾವಿನ ಗುರುತು ಹುಡುಕಲು ಬಗ್ಗಿದವಳಿಗೆ ಕಂಡದ್ದೆಲ್ಲ ಸಾವಿನ ಗುರುತೇ ಆಗಿತ್ತು.

ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ತಾನು ಸಾಯುವುದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಬಿಸಿಲಿಗೆ ಇಟ್ಟ ತೊಟ್ಟಿಲು. ಹುಚ್ಚು ಹತ್ತಿದವರ ಎಂಜಲು ತಾಗಿದರೂ ಸಾಕೆಂದು ಕೇಳಿದ್ದಳು. ಬಾಣಂತಿಗೆ ನೀರು ಹುಯ್ಯುವವಳು, ಮಗುವಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಳ್ಳುವವಳು ತಾನು. ಯಾವ ಗಳಿಗೆಯಲ್ಲಿ ಬುದ್ಧಿ ಕೆಟ್ಟು ಆ ಎಳೆಯ ಜೀವಕ್ಕೆ ಬಾಯಿ ಹಾಕಿಬಿಟ್ಟರೆ? ಬೆಳಗಾಗುತ್ತಲೇ ಕೋಣನಕುಂಟೆಗೆ ಹೊರಟಿದ್ದ ಗಾಡಿಯವನ ಕೈಲಿ ಹೇಳಿಕಳಿಸಿದಳು. ಮಗಳು ಹೆರಿಗೆಗೆ ಅಲ್ಲೇ ಇರಲಿ, ಇಲ್ಲಿಗೆ ಬರುವುದು ಬೇಡ. ಯಾಕೆಂದು ಹೇಳಲಿಲ್ಲ. ಹೇಳಿದರೆ ಬಸುರಿ ಹುಡುಗಿ ಹೆದರುತ್ತಾಳೆ, ಬೀಗರು ಊರೆಲ್ಲ ಟಾಂಟಾಂ ಹೊಡೆಯುತ್ತಾರೆ. ಕಾರಣವಿಲ್ಲದ ಮಾತು ಅಲ್ಲಿ ಹೇಗೆ ಮುಟ್ಟಿರಬಹುದು ನೀವೇ ಹೇಳಿ. ಬಾಣಂತನದ ಖರ್ಚಿಗೆ ಹೆದರಿದಳೆಂದು ಮಗಳ ಅತ್ತೆ ಮೂಗು ಮುರಿದಳು. ಮಗಳು ತವರಿಗೆಂದು ಕಟ್ಟಿಟ್ಟ ಗಂಟನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳಂತೆ.

ಇಷ್ಟೆಲ್ಲ ಆದ ಮೇಲೆ ಅಕ್ಕಯಮ್ಮನಿಗೆ ಬೋರಣ್ಣನ ನೆನಪಾಯಿತು. ಕಚ್ಚಿಸಿಕೊಂಡವಳ ಗತಿ ಇದಾದರೆ ತಿಂದವನ ಗತಿ ಏನು? ಎಚ್ಚರಿಸದೆ ಇರುವುದು ಪಾಪ ಎಂದುಕೊಂಡು ಹೋಗಿ ಎಲ್ಲ ಹೇಳಿದಳು. ಬೋರಣ್ಣ ಮೊದಲು ನಕ್ಕ. ನಗು ಮುಗಿಯುವಷ್ಟರಲ್ಲಿ ಮುಖ ಬಿಳಿಚಿಕೊಂಡಿತು. ತಾನೂ ನೀರು ನೋಡಬೇಕೆಂದು ಹಟ ಹಿಡಿದ. ಸಂಜೆ ಇಬ್ಬರೂ ಕೆರೆಗೆ ಹೋದರು. ಅವಳು ಸೆರಗು ಎಳೆದುಕೊಂಡಳು, ಅವನು ಟವಲಿನ ಮುಸುಕು ಹಾಕಿಕೊಂಡ. ಇಬ್ಬರು ವಯಸ್ಸಾದವರು ಕೆರೆಯಂಚಿನಲ್ಲಿ ಹಾಗೆ ಮುಸುಕು ಹಾಕಿ ಬಗ್ಗಿ ನಿಂತದ್ದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ನೀರಿನಲ್ಲಿ ಬಾವಲಿ ಬಂತು. ಹಿಂದೆಯೇ ಇನ್ನೊಂದು ಬಂತು. ಬೋರಣ್ಣನ ಎದೆ ಧಸಕ್ಕೆಂದು, ಬಿಟ್ಟುಹೋಗಿದ್ದ ಉಬ್ಬಸ ಒಂದೇ ಸಲಕ್ಕೆ ಒತ್ತರಿಸಿಕೊಂಡು ಬಂತು. ಉಬ್ಬಸದವರಿಗೆ ಬಗ್ಗಿ ಉಸಿರಾಡಲು ಆಗುವುದಿಲ್ಲ. ಅವನು ಟವಲನ್ನು ಕಿತ್ತೆಸೆದು, ಮಂಡಿ ಹಿಡಿದುಕೊಂಡು, ಮುಖವನ್ನು ಆಕಾಶಕ್ಕೆ ಎತ್ತಿ ಗೊರಗೊರ ಉಸಿರೆಳೆದ. ಎಳೆಯುತ್ತ ಎಳೆಯುತ್ತ ಹಾಗೇ ನಿಂತುಬಿಟ್ಟ.

"ಅಕ್ಕಯಮ್ಮ," ಎಂದ, ಒಂದೊಂದೇ ಮಾತನ್ನು ಹೊರಗೆ ತಳ್ಳುತ್ತ. "ಮ್ಯಾಲೆ ನೋಡು."

ಅವಳು ಸೆರಗು ಸರಿಸಿ ನೋಡಿದಳು. ಗೋಣಿಮರದ ಬಾವಲಿಗಳೆಲ್ಲ ಎದ್ದು ಕೆರೆಯ ಮೇಲೆ ಹೋಗುತ್ತಿದ್ದವು. ಅವಳು ಇಷ್ಟು ವರ್ಷ ಹೆತ್ತವರ ಸಮೇತ ಬೈದ ಅದೇ ಬಾವಲಿಗಳು. ಬೋರಣ್ಣ ಉಬ್ಬಸದ ನಡುವೆಯೇ ನಗತೊಡಗಿದ, ಅವಳೂ ನಕ್ಕಳು, ನಕ್ಕು ನಕ್ಕು ನೆಲದ ಮೇಲೆ ಕೂತಳು. ಮನೆಯ ದಾರಿಯಲ್ಲಿ ಅವಳ ನಗು ನಿಂತುಹೋಯಿತು. ನೀರಿನಲ್ಲಿ ಕಂಡ ಬಾವಲಿ ಸುಳ್ಳು, ಸರಿ. ಹಾಗಾದರೆ ರೋಗವೂ ಇಲ್ಲವೇ? ಅದನ್ನು ಯಾರು ಹೇಳಬೇಕು? ಮೊದಲು ಸಾಯುತ್ತೇನೆಂದಾದರೂ ಗೊತ್ತಿತ್ತು, ಈಗ ಅದೂ ಗೊತ್ತಿಲ್ಲದಂತಾಯಿತು. ಇಂಥ ಪೇಚು ಶತ್ರುವಿಗೂ ಬೇಡ.

ಮರುದಿನ ಅವಳು ಮಂಕರಿಯಿಲ್ಲದೆ ಜಯನಗರಕ್ಕೆ ಹೋಗಿ ಚಕ್ರಪಾಣಿಯ ಮುಂದೆ ನಿಂತು, ಇಂಜೆಕ್ಷನ್ ಹಾಕಿಸಿಬಿಡಿ ಸ್ವಾಮಿ, ಕೈಕಾಲು ಬಿದ್ದರೆ ಬೀಳಲಿ ಎಂದಳು. ತಡವಾಗಿದೆ, ಆದರೂ ಹಾಕಿಸಿಕೊಳ್ಳುವುದೇ ವಾಸಿ ಎಂದು ಈ ಸಲ ಡಾಕ್ಟರೂ ಗಟ್ಟಿ ಮನಸ್ಸು ಮಾಡಿದರು. ಬೇಯಿಸಿ ತಿಂದ ಬೋರಣ್ಣನಿಗೆ ಭಯವಿರಲಾರದು ಎಂದರು. 'ಇರಲಾರದು' ಎಂದರೇ ಹೊರತು 'ಇಲ್ಲ' ಎನ್ನಲಿಲ್ಲ. ದಿನಾ ಬಸ್ಸು ಹತ್ತಿ ಹೋಗಿ ಅವಳು ಹೊಟ್ಟೆ ಒಡ್ಡಿದಳು. ಹೊಟ್ಟೆಯೆಲ್ಲ ಬಾತು ಸೀರೆ ಕಟ್ಟುವುದೂ ಕಷ್ಟವಾಯಿತು. ಆ ನಡುವೆಯೇ ಕೋಣನಕುಂಟೆಯಿಂದ ಸುದ್ದಿ ಬಂತು, ಹೆಣ್ಣು ಮಗು, ತಾಯಿ ಮಗು ಆರೋಗ್ಯ. ಬಾಣಂತನ ಅತ್ತೆಯೇ ಮಾಡಿದಳು. ಮಗುವಿಗೆ ಆ ಅತ್ತೆಯ ಹೆಸರನ್ನೇ ಇಟ್ಟರು, ನಾರಾಯಣಮ್ಮ.

ಅಕ್ಕಯಮ್ಮನಿಗೆ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಮಾತ್ರ ಹಕ್ಕುದಾರರು ಬಹಳ. ಇಂಜೆಕ್ಷನ್ನಿನಿಂದ ಎಂದರು ಡಾಕ್ಟರು. ತಮ್ಮ ರಸದಿಂದ ಎಂದರು ಏಕಾಂತಯ್ಯ. ತಾನು ಪತ್ರಿಕೆ ಓದಿದ್ದರಿಂದ ಎಂದು ಚಕ್ರಪಾಣಿಯ ಮನಸ್ಸಿನಲ್ಲಿ ಇದ್ದೇ ಇತ್ತು. ಆ ಬಾವಲಿಗೆ ರೋಗವೇ ಇರಲಿಲ್ಲ, ಅಂಥ ರುಚಿಯಾದ ಬಾವಲಿಗೆ ಎಲ್ಲಿಯ ರೋಗ ಎಂದ ಬೋರಣ್ಣ. ಯಾರು ಸರಿಯೋ ನನಗೆ ಗೊತ್ತಿಲ್ಲ. ಇದರಲ್ಲಿ ಅದೃಷ್ಟದ ಪಾಲೆಷ್ಟು ಎಂದು ಒಬ್ಬರೂ ಕೇಳಲಿಲ್ಲ. ಅಕ್ಕಯಮ್ಮ ಎಲ್ಲರಿಗೂ ಹೂಂ ಎಂದಳು, ಒಬ್ಬರನ್ನೂ ನಂಬಲಿಲ್ಲ. ವರ್ಷಕ್ಕಿಂತ ಹೆಚ್ಚೂ ಆಗಬಹುದು ಎಂದ ಡಾಕ್ಟರ ಮಾತೊಂದು ಅವಳೊಳಗೆ ಮುಳ್ಳಾಗಿ ಉಳಿದಿತ್ತು. ಇಷ್ಟು ಜನ ಇಷ್ಟು ಬಗೆಯಲ್ಲಿ ಹೇಳಿದರೂ ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಪ್ಪಿದ್ದರು. ರೋಗ ಎದ್ದವರಿಗೆ ನೀರು ನುಂಗಲಾಗುವುದಿಲ್ಲ. ಅವಳ ಕೈಗೆ ಸಿಕ್ಕಿದ ನಿಜ ಅದೊಂದೇ.

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಅವಳು ಕೋಣನಕುಂಟೆಗೆ ಹೋದಳು. ಬೀಗಿತ್ತಿ ಮಾತಾಡಿಸಲಿಲ್ಲ. ಮಗಳು ಬಾಗಿಲಲ್ಲಿ ನಿಂತು, ಮುಖ ಬೇರೆ ಕಡೆ ತಿರುಗಿಸಿಕೊಂಡು, ನಿಂಗೆ ನಾನು ಬ್ಯಾಡಾಗಿದ್ನಾ ಅವ್ವ ಎಂದು ಕೇಳಿದಳು. ಅಕ್ಕಯಮ್ಮ ಜಗಲಿಯ ಮೇಲೆ ಕೂತು ಬಾವಲಿ, ಕೆರೆ, ಹೊಟ್ಟೆಯ ಬಾವು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಕೇಳುತ್ತ ಕೇಳುತ್ತ ಮಗಳು ಬಿಕ್ಕಿದಳು. ಒಳಗೆ ಹೋಗಿ ಮಗುವನ್ನು ತಂದು ಅವ್ವನ ಮಡಿಲಿಗೆ ಇಡಲು ಬಗ್ಗಿದಳು. ಅಕ್ಕಯಮ್ಮ ಕೈ ಹಿಂದೆ ಎಳೆದುಕೊಂಡಳು.

"ತಡಿ ಮಗ. ಮೊದ್ಲು ಒಂದು ಚೊಂಬು ನೀರು ಕೊಡು."

ಮಗಳೂ ಬೀಗಿತ್ತಿಯೂ ನೋಡುತ್ತಿದ್ದಂತೆ ಅವಳು ಚೊಂಬೆತ್ತಿ ಗುಟುಕು ಗುಟುಕಾಗಿ ಕುಡಿದಳು. ಗಂಟಲಲ್ಲಿ ಸಲೀಸಾಗಿ ಇಳಿಯಿತು. ಬಾಯಿ ಒರೆಸಿಕೊಂಡು ಆಮೇಲೆ ಕೈಚಾಚಿದಳು.

ಅಂದಿನಿಂದ ಅದೇ ಅವಳ ರೂಢಿಯಾಯಿತು. ಮೊಮ್ಮಗಳು ಸಾರಕ್ಕಿಗೆ ಬಂದಾಗಲೆಲ್ಲ, ಎತ್ತಿಕೊಳ್ಳುವ ಮೊದಲು ನೀರು. ತಟ್ಟಿ ಮಲಗಿಸುವ ಮೊದಲು ನೀರು. ವರ್ಷ ಕಳೆಯಿತು, ಎರಡಾಯಿತು, ಐದಾಯಿತು. ಇನ್ನೇನೂ ಆಗುವುದಿಲ್ಲ ಬಿಡಮ್ಮ ಎಂದು ಚಕ್ರಪಾಣಿ ಹೇಳಿದ. ಅಕ್ಕಯಮ್ಮ ಬಿಡಲಿಲ್ಲ. ನೋಡುವವರಿಗೆ ಅದು ಅಜ್ಜಿಯ ಬಾಯಾರಿಕೆಯಂತೆ ಕಾಣುತ್ತಿತ್ತು. ಊರಿನ ಸುತ್ತ ಬಡಾವಣೆಯವರು ಅಳತೆ ಕಲ್ಲು ನೆಟ್ಟರು, ಗೋಣಿಮರ ರಸ್ತೆಗೆ ಅಡ್ಡವೆಂದು ಉರುಳಿತು, ಬಾವಲಿಗಳು ಎಲ್ಲಿಗೋ ಹೋದವು. ಬೈಯಲು ಯಾರೂ ಇಲ್ಲದೆ ಅಕ್ಕಯಮ್ಮನಿಗೆ ಕೆಲವು ದಿನ ಬೇಸರವೂ ಆಯಿತು.

ಅರವತ್ತಾರನೇ ಇಸವಿಯಲ್ಲಿ ಮುನಿವೆಂಕಟಮ್ಮ ಮತ್ತೆ ಹೆತ್ತಳು. ಈ ಸಲ ಹೆರಿಗೆ ಸಾರಕ್ಕಿಯಲ್ಲೇ ಆಗಬೇಕೆಂದು ಅವಳೇ ಹಟ ಹಿಡಿದು ಬಂದಿದ್ದಳು. ಗಂಡು ಮಗು. ಇಷ್ಟು ವರ್ಷ ಅಟ್ಟ ಸೇರಿದ್ದ ತೊಟ್ಟಿಲು ಕಡೆಗೂ ಕೆಳಗೆ ಇಳಿಯಿತು. ಒಂದು ಮಧ್ಯಾಹ್ನ ಮಗುವನ್ನು ನೋಡಲು ವಿಮಲಾ ಜಯನಗರದಿಂದ ಬಂದು ಕೂತಿದ್ದಳು. ಎಂಟು ವರ್ಷದ ನಾರಾಯಣಮ್ಮನಿಗೆ ತಮ್ಮನನ್ನು ಮಡಿಲಲ್ಲಿ ಇಟ್ಟುಕೊಳ್ಳುವ ಆಸೆ. ಮಗು ಅಳುತ್ತಿತ್ತು. ಬೇಗ ಬಾ, ಕೂತ್ಕೋ, ಕೊಡ್ತೀನಿ ಎಂದಳು ವಿಮಲಾ. ಹುಡುಗಿ ಬರಲಿಲ್ಲ, ಒಳಗೆ ಓಡಿದಳು. ಹಂಡೆಯ ಪಕ್ಕದ ಚೊಂಬಿನಲ್ಲಿ ನೀರು ಮೊಗೆದು, ಕತ್ತು ಮೇಲೆತ್ತಿ, ಅಜ್ಜಿಯ ಹಾಗೆಯೇ ಗುಟುಕು ಗುಟುಕಾಗಿ ಕುಡಿದು, ಅಜ್ಜಿಯ ಹಾಗೆಯೇ ಮುಂಗೈಯಿಂದ ಬಾಯಿ ಒರೆಸಿಕೊಂಡು ಬಂದು ಕಾಲು ನೀಡಿ ಕೂತಳು. ಇದೇನು ಈಗ ಬಾಯಾರಿಕೆ ಎಂದು ವಿಮಲಾ ಕೇಳಿದಳು.

"ಬಾಯಾರ್ಕೆ ಅಲ್ಲ ಅಮ್ಮಾವ್ರೆ. ಮಗು ಎತ್ಕೊಳೋಕೆ ಮುಂಚೆ ನೀರು ಕುಡೀಬೇಕು. ಕುಡಿದ್ರೇನೇ ಮಗೂಗೆ ಒಳ್ಳೇದು. ನಮ್ಮನೇಲಿ ಹಂಗೇ."

ಬಾಗಿಲ ಬಳಿ ಸೀಬೆಹಣ್ಣಿನ ಮಂಕರಿ ಇಳಿಸುತ್ತಿದ್ದ ಅಕ್ಕಯಮ್ಮ ಹಾಗೇ ನಿಂತಳು. ವಿಮಲಾ ಅವಳ ಮುಖ ನೋಡಿದಳು. ಅದು ಹಾಗಲ್ಲ ಕಣೇ, ಅದೊಂದು ಹೆದರಿಕೆ ಕಣೇ ಎಂದು ಹೇಳಬೇಕೆಂದು ಅಕ್ಕಯಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ತಮ್ಮನ ಮುಖಕ್ಕೆ ಮುಖ ತಾಗಿಸಿ ಏನೋ ಗುಟ್ಟು ಹೇಳುತ್ತಿದ್ದಳು, ಅವನು ಅಳು ನಿಲ್ಲಿಸಿದ್ದ. ಅಕ್ಕಯಮ್ಮನ ಕಣ್ಣು ತುಂಬಿತು. ದುಃಖವೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ಒಳಗೆ ಹೋಗಿ ಮೊಮ್ಮಗಳು ಇಟ್ಟಿದ್ದ ಚೊಂಬಿನಲ್ಲಿ ಉಳಿದ ನೀರನ್ನು ಕುಡಿದು, ಬಂದು ಅವಳ ಪಕ್ಕ ಕೂತು, ಆಮೇಲೆ ನನಗೆ ಕೊಡು ಎಂದಳು.